ಇಪ್ಪತ್ತು ಸೆಕೆಂಡಿನ ಬ್ರೇಕ್: ಹಿಪ್‌ಹಾಪ್ ಮರೆಯುತ್ತಿರುವ ಕೈ ಮತ್ತು ಕಾಲು

(ಸಂಗೀತಾಸಕ್ತರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ಎರಡು ರೆಕಾರ್ಡ್ ಪ್ಲೇಯರ್‌ಗಳಿವೆ, ಒಂದೇ ರೆಕಾರ್ಡಿನ ಎರಡು ಪ್ರತಿಗಳಿವೆ. ಎರಡು ಪ್ರತಿ ಏಕೆ ಎಂದು ಒಳಗೆ ಬರುವಾಗಲೇ ಕೆಲವರು ಕೇಳಿದಿರಿ. ಇವತ್ತಿನ ಇಡೀ ಮಾತು ಆ ಪ್ರಶ್ನೆಗೆ ಉತ್ತರ.

ಕನ್ನಡದಲ್ಲಿ ಆಗಲೇ ಬೇರುಬಿಟ್ಟಿರುವ ಎರಡು ಪದಗಳಿಂದ ಆರಂಭಿಸುತ್ತೇನೆ. ಮೊದಲನೆಯದು ಡಿಜೆ. ಗಣೇಶನ ಹಬ್ಬ ಹತ್ತಿರವಾಗುತ್ತಿದ್ದಂತೆ ಪತ್ರಿಕೆಗಳಲ್ಲಿ ‘ಡಿಜೆ ನಿಷೇಧ’ ಎಂಬ ತಲೆಬರಹ ಕಾಣಿಸಿಕೊಳ್ಳುತ್ತದೆ. ಅಲ್ಲಿ ಡಿಜೆ ಎಂದರೆ ವಾಹನದ ಮೇಲೆ ಪೇರಿಸಿದ ಧ್ವನಿವರ್ಧಕಗಳ ರಾಶಿ. ಆ ಪದದೊಳಗೆ ರೆಕಾರ್ಡ್ ಹಾಕಿ ಕೇಳಿಸುವ ಒಬ್ಬ ಮನುಷ್ಯನಿದ್ದ ಎಂಬ ಸುಳಿವೂ ಉಳಿದಿಲ್ಲ. ಎರಡನೆಯದು ಬ್ರೇಕ್ ಡ್ಯಾನ್ಸ್. ಶಾಲಾ ವಾರ್ಷಿಕೋತ್ಸವದಲ್ಲಿ ಹುಡುಗರು ಮೈಯ ಕೀಲುಗಳನ್ನೆಲ್ಲ ಬಿಚ್ಚಿದಂತೆ ಕುಣಿಯುತ್ತಿದ್ದುದಕ್ಕೆ ನಾವು ಇಟ್ಟುಕೊಂಡಿದ್ದ ಹೆಸರು ಅದು. ವಸ್ತುಪ್ರದರ್ಶನಗಳಲ್ಲಿ ಜನರನ್ನು ಕೂರಿಸಿಕೊಂಡು ಗಿರಗಿರನೆ ತಿರುಗಿಸುವ ಯಂತ್ರಕ್ಕೂ ಅದೇ ಹೆಸರು. ಇನ್ನು ಹಿಪ್‌ಹಾಪ್ ಎಂದರೇನು ಎಂದು ಯಾವ ಹದಿಹರೆಯದವರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ: ತಾಳಕ್ಕೆ ಪ್ರಾಸದ ಮಾತು ಹೇಳುವ ರ‍್ಯಾಪ್. ಈ ಮೂರೂ ಒಂದೇ ಮನೆಯಲ್ಲಿ ಹುಟ್ಟಿದವು, ಅದರಲ್ಲಿ ರ‍್ಯಾಪ್ ಕಿರಿಯದು ಎಂದರೆ ನಂಬುವವರು ಕಡಿಮೆ. ಹುಟ್ಟಿದ ಊರಾದ ನ್ಯೂಯಾರ್ಕಿನಲ್ಲೂ ಈ ನಂಟು ಮಸುಕಾಗುತ್ತಿದೆ. ಅದು ನನಗೆ ನೋವಿನ ವಿಷಯ, ಅದಕ್ಕಾಗಿಯೇ ಇಲ್ಲಿ ನಿಂತಿದ್ದೇನೆ.

1973ರ ಆಗಸ್ಟ್ 11ರ ರಾತ್ರಿಗೆ ಹೋಗೋಣ. ನ್ಯೂಯಾರ್ಕಿನ ಭಾಗವಾದ ಬ್ರಾಂಕ್ಸ್‌ನ 1520 ಸೆಜ್‌ವಿಕ್ ಅವೆನ್ಯೂ ಎಂಬ ಬಹುಮಹಡಿ ವಸತಿ ಕಟ್ಟಡ. ಶಾಲೆ ಮತ್ತೆ ಆರಂಭವಾಗುವ ಹೊತ್ತಿಗೆ ಹೊಸ ಬಟ್ಟೆ ಕೊಳ್ಳಲು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಗೆ ಹಣ ಬೇಕಿತ್ತು. ಕಟ್ಟಡದ ನಿವಾಸಿಗಳಿಗೆಂದು ಇದ್ದ ಕೋಣೆಯನ್ನು ಬಾಡಿಗೆಗೆ ಹಿಡಿದು, ಕೈಬರಹದ ಆಹ್ವಾನ ಚೀಟಿ ಹಂಚಿ, ಒಂದು ಪಾರ್ಟಿ ಇಟ್ಟುಕೊಂಡಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶ ಶುಲ್ಕ. ರೆಕಾರ್ಡ್ ಹಾಕಲು ಅಣ್ಣನನ್ನು ಕರೆದಳು. ಹಿಪ್‌ಹಾಪ್‌ನ ಮೊದಲ ಕಾರ್ಯಕ್ರಮವನ್ನು ಸಂಘಟಿಸಿದ್ದು ಒಬ್ಬ ಹುಡುಗಿ ಎಂಬುದನ್ನು ಹೇಳದೆ ಮುಂದೆ ಹೋಗಬಾರದು. ಎಷ್ಟೋ ಜನ ಹೇಳದೆ ಮುಂದೆ ಹೋಗಿದ್ದಾರೆ.

ಅಣ್ಣನ ಹೆಸರು ಕ್ಲೈವ್. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿ, 1967ರಲ್ಲಿ ಬ್ರಾಂಕ್ಸ್‌ಗೆ ಬಂದವನು. ಆ ರಾತ್ರಿ ಅವನಿಗೆ 18 ವರ್ಷ. ಕೂಲ್ ಹರ್ಕ್ ಎಂಬ ಹೆಸರಿನಿಂದ ಮುಂದೆ ಜಗತ್ತಿಗೆ ಪರಿಚಿತನಾದ. ಜಮೈಕಾದ ಬೀದಿಗಳಲ್ಲಿ ಆಳೆತ್ತರದ ಧ್ವನಿವರ್ಧಕಗಳನ್ನು ಪೇರಿಸಿ ರೆಕಾರ್ಡ್ ಕೇಳಿಸುವ ಸಂಪ್ರದಾಯ ಆಗಲೇ ಬೆಳೆದಿತ್ತು. ಹಾಗಾಗಿ ನಮ್ಮೂರ ಮೆರವಣಿಗೆಯ ಪೆಟ್ಟಿಗೆಗಳಿಗೂ ಈ ಕಥೆಗೂ ಸಂಬಂಧವೇ ಇಲ್ಲ ಎನ್ನುವಂತಿಲ್ಲ. ಹರ್ಕ್ ಬಳಿಯೂ ಎದೆ ನಡುಗಿಸುವ ಪೆಟ್ಟಿಗೆಗಳಿದ್ದವು. ಆದರೆ ಅವನ ಹೆಸರನ್ನು ಉಳಿಸಿದ್ದು ಅವನ ಕಣ್ಣು.

ಅವನು ಕುಣಿಯುವವರ ಕಾಲುಗಳನ್ನು ನೋಡುತ್ತಿದ್ದ. ಹಾಡು ಓಡುತ್ತಿರುವಾಗ ಕೆಲವರು ಗೋಡೆಗೆ ಒರಗಿ ಸುಮ್ಮನೆ ಕಾಯುತ್ತಾರೆ. ಹಾಡಿನ ಒಂದು ನಿರ್ದಿಷ್ಟ ಜಾಗ ಬಂದಾಗ ಮಾತ್ರ ನಡುವಿಗೆ ನುಗ್ಗುತ್ತಾರೆ. ಯಾವುದು ಆ ಜಾಗ? ಹಾಡುಗಾರ ಸುಮ್ಮನಾಗಿ, ಕೊಳಲು ಕಹಳೆಗಳೆಲ್ಲ ಹಿಂದೆ ಸರಿದು, ಡ್ರಮ್ ಒಂದೇ ಉಳಿಯುವ ಜಾಗ. ಅದಕ್ಕೆ ಬ್ರೇಕ್ ಎಂದು ಹೆಸರು. ಕರ್ನಾಟಕ ಸಂಗೀತ ಬಲ್ಲ ನಿಮಗೆ ತನಿ ಆವರ್ತನ ನೆನಪಾಗಬೇಕು. ನಮ್ಮ ಕಛೇರಿಗಳಲ್ಲಿ ತನಿ ಶುರುವಾದೊಡನೆ ಕೆಲವರು ಕಾಫಿಗೆ ಎದ್ದು ಹೋಗುತ್ತಾರೆ. ಬ್ರಾಂಕ್ಸ್‌ನ ಹುಡುಗರು ತನಿಗಾಗಿಯೇ ಎದ್ದು ಬರುತ್ತಿದ್ದರು. ಕಷ್ಟವೆಂದರೆ ಆ ರೆಕಾರ್ಡುಗಳಲ್ಲಿ ಬ್ರೇಕ್ ಇರುತ್ತಿದ್ದುದು ಕೆಲವೇ ಸೆಕೆಂಡು. ಮೈ ಬಿಸಿಯೇರುವ ಹೊತ್ತಿಗೆ ಹಾಡುಗಾರ ಮತ್ತೆ ಬಾಯಿ ತೆರೆಯುತ್ತಿದ್ದ.

ಹರ್ಕ್ ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಯಂತ್ರಗಳ ಮೇಲಿಟ್ಟ. ಒಂದರಲ್ಲಿ ಬ್ರೇಕ್ ಮುಗಿಯುತ್ತಿದ್ದಂತೆ ಇನ್ನೊಂದರ ಮುಳ್ಳನ್ನು ಬ್ರೇಕಿನ ಆರಂಭಕ್ಕೆ ಇಳಿಸಿದ. ಅದು ಓಡುತ್ತಿರುವಾಗ ಮೊದಲನೆಯದನ್ನು ಹಿಂದಕ್ಕೆ ತಂದ. ಹೀಗೆ ಇಪ್ಪತ್ತು ಸೆಕೆಂಡಿನ ತನಿಯನ್ನು ಐದು ನಿಮಿಷ, ಹತ್ತು ನಿಮಿಷಕ್ಕೆ ಎಳೆದ. ಇದಕ್ಕೆ ಮೆರಿ-ಗೋ-ರೌಂಡ್ ಎಂದು ಹೆಸರಿಟ್ಟ. ಬ್ರೇಕಿಗೆ ಕುಣಿಯುವ ಹುಡುಗರನ್ನು ಬ್ರೇಕ್ ಬಾಯ್ಸ್ ಎಂದು ಕರೆದ, ಅದು ಬಿ-ಬಾಯ್ ಆಯಿತು. ಹುಡುಗಿಯರು ಬಿ-ಗರ್ಲ್ ಆದರು. ಡಿಜೆ ಹುಟ್ಟಿದ ಮೇಲೆ ನೃತ್ಯ ಹುಟ್ಟಿತು ಎಂದು ಬರೆಯುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಗೋಡೆಗೆ ಒರಗಿ ಕಾಯುತ್ತಿದ್ದ ಆ ಕಾಲುಗಳು ಇಲ್ಲದಿದ್ದರೆ ಹರ್ಕ್‌ಗೆ ಎರಡನೇ ಪ್ರತಿ ಕೊಳ್ಳುವ ಕಾರಣವೇ ಇರುತ್ತಿರಲಿಲ್ಲ. ಯಕ್ಷಗಾನದಲ್ಲಿ ಭಾಗವತರ ಕಣ್ಣು ವೇಷಧಾರಿಯ ಹೆಜ್ಜೆಯ ಮೇಲೆ, ವೇಷಧಾರಿಯ ಕಿವಿ ಭಾಗವತರ ಜಾಗಟೆಯ ಮೇಲೆ ಇರುತ್ತದಲ್ಲ, ಇದೂ ಅಂಥದೇ ಕಣ್ಣು-ಕಿವಿಯ ಕೊಡುಕೊಳ್ಳುವಿಕೆ.

ಹಾಗಾದರೆ ಮಾತು ಎಲ್ಲಿತ್ತು? ಇತ್ತು, ಒಂದು ಮೂಲೆಯಲ್ಲಿ. ಹರ್ಕ್‌ನ ಗೆಳೆಯ ಕೋಕ್ ಲಾ ರಾಕ್ ಮೈಕ್ ಹಿಡಿದು, ಬಂದಿದ್ದ ಸ್ನೇಹಿತರ ಹೆಸರು ಕೂಗುತ್ತಿದ್ದ, ಕುಣಿಯುವವರನ್ನು ಹುರಿದುಂಬಿಸುತ್ತಿದ್ದ. ಅಂದಿನ ರ‍್ಯಾಪ್ ಎಂದರೆ ಅಷ್ಟೇ.

ಬ್ರಾಂಕ್ಸ್ ಆಗ ಎಂಥ ಜಾಗವಾಗಿತ್ತು ಎಂಬುದನ್ನು ಬಹಳ ಜನ ಬಹಳ ಸಲ ಹೇಳಿದ್ದಾರೆ: ನೆರೆಹೊರೆಗಳನ್ನು ಸೀಳಿಕೊಂಡು ಹೋದ ಹೆದ್ದಾರಿ, ಸಾಲುಸಾಲಾಗಿ ಹೊತ್ತಿ ಉರಿದ ಮನೆಗಳು, ಕೆಲಸವಿಲ್ಲದ ಯುವಕರು. ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬಡತನವೇ ಕಲೆಯನ್ನು ಹುಟ್ಟಿಸಿತು ಎಂಬ ಮಾತಿನಲ್ಲಿ ಆ ಹುಡುಗರ ಬುದ್ಧಿಗೆ ಸಲ್ಲಬೇಕಾದ ಗೌರವ ಕಳೆದುಹೋಗುತ್ತದೆ. ಅವರ ಬುದ್ಧಿ ಎಂಥದ್ದು ಎಂಬುದಕ್ಕೆ ಇಬ್ಬರ ಕಥೆ ಸಾಕು.

ಒಬ್ಬ ಜೋಸೆಫ್ ಸ್ಯಾಡ್ಲರ್, ಅಂದರೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್. ವೃತ್ತಿಶಿಕ್ಷಣ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದವನು. ಹರ್ಕ್ ಮುಳ್ಳನ್ನು ಅಂದಾಜಿನಲ್ಲಿ ಇಳಿಸುತ್ತಿದ್ದುದರಿಂದ ತಾಳ ಆಗಾಗ ಮುರಿಯುತ್ತಿತ್ತು. ಫ್ಲ್ಯಾಶ್‌ಗೆ ಅದು ಸಹ್ಯವಾಗಲಿಲ್ಲ. ರೆಕಾರ್ಡನ್ನು ಗಡಿಯಾರದ ಮುಖವೆಂದು ಭಾವಿಸಿ, ಬ್ರೇಕ್ ಎಲ್ಲಿ ಶುರುವಾಗುತ್ತದೆಯೋ ಅಲ್ಲಿ ಬಣ್ಣದ ಕಡ್ಡಿಯಿಂದ ಗೆರೆ ಎಳೆದ. ಎಷ್ಟು ಸುತ್ತು ಹಿಂದಕ್ಕೆ ತಿರುಗಿಸಬೇಕೆಂದು ಎಣಿಸಿದ. ರೆಕಾರ್ಡಿನ ಅಡಿಯ ದಪ್ಪ ರಬ್ಬರ್ ಹಾಸು ಅಡ್ಡಿಯಾದಾಗ, ಗಂಜಿ ಹಾಕಿ ಬಿರುಸು ಮಾಡಿದ ಫೆಲ್ಟ್ ಬಟ್ಟೆಯನ್ನು ದುಂಡಗೆ ಕತ್ತರಿಸಿ ಹಾಸಿದ. ಕೆಳಗೆ ತಟ್ಟೆ ತಿರುಗುತ್ತಲೇ ಇರುತ್ತದೆ, ಮೇಲೆ ರೆಕಾರ್ಡ್ ಕೈಯ ಮಾತು ಕೇಳುತ್ತದೆ. ಒಂದು ರೆಕಾರ್ಡ್ ಜನರಿಗೆ ಕೇಳುತ್ತಿರುವಾಗ ಇನ್ನೊಂದನ್ನು ತಾನೊಬ್ಬನೇ ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳಲು ಸ್ವಿಚ್ಚೊಂದನ್ನು ಕೂರಿಸಿದ. ರೆಕಾರ್ಡಿನ ಮೈಗೆ ಬೆರಳು ತಾಗಿಸಬಾರದು ಎಂಬುದು ಎಲ್ಲ ಮನೆಗಳ ಕಟ್ಟಪ್ಪಣೆಯಾಗಿದ್ದ ಕಾಲ ಅದು.

ಇನ್ನೊಬ್ಬ ಥಿಯೊಡೋರ್ ಲಿವಿಂಗ್‌ಸ್ಟನ್, ಗ್ರ್ಯಾಂಡ್ ವಿಝರ್ಡ್ ಥಿಯೊಡೋರ್. ಇನ್ನೂ ಹನ್ನೆರಡು ಹದಿಮೂರರ ಪ್ರಾಯದ ಹುಡುಗ. ಕೋಣೆಯಲ್ಲಿ ಜೋರಾಗಿ ರೆಕಾರ್ಡ್ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಾಗ ತಾಯಿ ಬಾಗಿಲಿಗೆ ಬಂದು ಗದರಿಸಿದಳು. ಆಕೆ ಮಾತು ಮುಗಿಸುವವರೆಗೆ ಹುಡುಗ ರೆಕಾರ್ಡನ್ನು ಕೈಯಿಂದ ಹಿಡಿದುಕೊಂಡಿದ್ದ; ಕೈ ಹಿಂದೆ ಮುಂದೆ ಅಲುಗಿದಾಗ ಹೊಸದೊಂದು ಸದ್ದು ಕೇಳಿತು. ತಿಂಗಳುಗಟ್ಟಲೆ ಅದನ್ನು ತಿದ್ದಿದ. ಇವತ್ತು ಸ್ಕ್ರ್ಯಾಚ್ ಎಂದು ಕರೆಯುವುದು ಅದನ್ನೇ. ಅಲ್ಲಿಯವರೆಗೆ ಕೇಳುವ ಯಂತ್ರವಾಗಿದ್ದುದು ಆ ಕೋಣೆಯಲ್ಲಿ ನುಡಿಸುವ ವಾದ್ಯವಾಯಿತು.

ಫ್ಲ್ಯಾಶ್ ಹೇಳಿಕೊಂಡಿರುವ ಒಂದು ಘಟನೆ ನನ್ನನ್ನು ಬಿಡದೆ ಕಾಡಿದೆ. ತನ್ನ ಹೊಸ ವಿದ್ಯೆಯನ್ನು ಮೊದಲ ಬಾರಿ ಜನರ ಮುಂದಿಟ್ಟಾಗ ಅವರು ಕುಣಿಯಲಿಲ್ಲ. ಅವನ ಕೈಗಳನ್ನೇ ನೋಡುತ್ತ ನಿಂತುಬಿಟ್ಟರು. ಅವನು ಮನೆಗೆ ಹೋಗಿ ಅತ್ತನಂತೆ. ಜನರನ್ನು ಮತ್ತೆ ಕುಣಿಸಬೇಕಾದರೆ ಜೊತೆಗೊಂದು ದನಿ ಬೇಕು ಎಂದು ತೀರ್ಮಾನಿಸಿದ. ಹೀಗೆ ಮೈಕಿಗೆ ಕೌಬಾಯ್ ಬಂದ, ಮೆಲ್ಲಿ ಮೆಲ್ ಬಂದ, ಕಿಡ್ ಕ್ರಿಯೋಲ್ ಬಂದ. ಪ್ರಾಸ ಬೆಳೆಯಿತು, ಸಾಲುಗಳು ಉದ್ದವಾದವು. ರ‍್ಯಾಪ್ ಅನ್ನು ಮನೆಯೊಳಗೆ ಕರೆದು ಕೂರಿಸಿದ್ದು ಡಿಜೆಯೇ, ಅದೂ ಕುಣಿಯುವವರ ಸಲುವಾಗಿ.

ಮುಂದೆ ಆದುದಕ್ಕೆ 1979 ಎಂಬ ಇಸವಿ ಇದೆ. ನ್ಯೂಜೆರ್ಸಿಯ ಶುಗರ್‌ಹಿಲ್ ರೆಕಾರ್ಡ್ಸ್‌ನ ಸಿಲ್ವಿಯಾ ರಾಬಿನ್ಸನ್ ಮೂವರು ಯುವಕರನ್ನು ಒಟ್ಟುಗೂಡಿಸಿ ‘ರ‍್ಯಾಪರ್ಸ್ ಡಿಲೈಟ್’ ಹೊರತಂದರು. ಹದಿನಾಲ್ಕು ನಿಮಿಷಕ್ಕೂ ಮೀರಿದ ಆ ಹಾಡು ಜಗತ್ತಿನಾದ್ಯಂತ ಓಡಿತು. ಆ ಮೂವರು ಬ್ರಾಂಕ್ಸ್‌ನ ಪಾರ್ಟಿಗಳಲ್ಲಿ ಬೆಳೆದ ತಂಡದವರಲ್ಲ. ಅವರಲ್ಲೊಬ್ಬ ಹೇಳಿದ ಸಾಲುಗಳು ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಎಂಬವನ ಪುಸ್ತಕದಿಂದ ಬಂದವು. ಅವನ ಹೆಸರು ರೆಕಾರ್ಡಿನ ಮೇಲೆ ಬರಲಿಲ್ಲ. ಇನ್ನೂ ದೊಡ್ಡ ಸಂಗತಿ ಎಂದರೆ ಹಾಡಿನಲ್ಲಿ ಡಿಜೆ ಇಲ್ಲ. ಆಗ ಜನಪ್ರಿಯವಾಗಿದ್ದ ಹಾಡೊಂದರ ತಾಳವನ್ನು ವಾದ್ಯಗಾರರನ್ನು ಕೂರಿಸಿ ಮತ್ತೆ ನುಡಿಸಿದ್ದರು. ರಾತ್ರಿಯಿಡೀ ನಡೆಯುವ, ಕುಣಿಯುವವರನ್ನು ನೋಡಿ ಮರುಗಳಿಗೆಗೆ ದಿಕ್ಕು ಬದಲಿಸುವ ಒಂದು ಕೂಟವನ್ನು ರೆಕಾರ್ಡಿಗೆ ಇಳಿಸುವುದು ಹೇಗೆ? ಮಾತನ್ನು ಇಳಿಸಬಹುದು, ಮಾರಬಹುದು. ಕೈ ಹೊರಗುಳಿಯಿತು. ಕಾಲಂತೂ ರೆಕಾರ್ಡಿಗೆ ಕಾಣುವುದೇ ಇಲ್ಲ.

ಕೈಯೂ ರೆಕಾರ್ಡಾಗಬಲ್ಲದು ಎಂದು ತೋರಿಸಿದವನು ಮತ್ತೆ ಫ್ಲ್ಯಾಶ್. 1981ರಲ್ಲಿ ಬಂದ ಅವನ ‘ವೀಲ್ಸ್ ಆಫ್ ಸ್ಟೀಲ್’ ರೆಕಾರ್ಡ್ ಏಳು ನಿಮಿಷಗಳ ಕಾಲ ಬೇರೆ ಬೇರೆ ರೆಕಾರ್ಡುಗಳನ್ನು ಕತ್ತರಿಸಿ, ಪೋಣಿಸಿ, ಉಜ್ಜಿ ಕಟ್ಟಿದ ರಚನೆ. ನನ್ನ ಪಾಲಿಗೆ ಅದು ಹಿಪ್‌ಹಾಪ್‌ನ ಅತ್ಯಂತ ಮುಖ್ಯ ದಾಖಲೆ. ಮರುವರ್ಷ ‘ದಿ ಮೆಸೇಜ್’ ಬಂದಿತು, ಬಡ ಕೇರಿಯ ಬದುಕನ್ನು ನೇರವಾಗಿ ಹೇಳಿದ ಹಾಡು. ರೆಕಾರ್ಡಿನ ಮೇಲೆ ಮೊದಲ ಹೆಸರು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್‌ನದೇ. ಆದರೆ ಹಾಡಿನ ತಯಾರಿಯಲ್ಲಿ ಅವನ ಕೈಯಿಲ್ಲ. ಮೆಲ್ಲಿ ಮೆಲ್ ಮತ್ತು ಡ್ಯೂಕ್ ಬೂಟಿ ಮಾಡಿದ ಹಾಡು ಅದು. ಹಾಡು ಶ್ರೇಷ್ಠವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೂ ಆ ರೆಕಾರ್ಡಿನ ಲೇಬಲ್ ನೋಡಿದಾಗಲೆಲ್ಲ ನನಗೆ ಒಂದು ಮನೆಯ ನೆನಪಾಗುತ್ತದೆ: ಬಾಗಿಲಿನ ಫಲಕದಲ್ಲಿ ಯಜಮಾನನ ಹೆಸರಿದೆ, ಒಳಗೆ ಅವನಿಲ್ಲ.

ಆ ಕಾಲದ ತಂಡಗಳ ಹೆಸರುಗಳ ಕ್ರಮವನ್ನೇ ಗಮನಿಸಿ. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಫ್ಯೂರಿಯಸ್ ಫೈವ್. ಎರಿಕ್ ಬಿ. ಮತ್ತು ರಕಿಮ್. ಡಿಜೆ ಜ್ಯಾಜಿ ಜೆಫ್ ಮತ್ತು ಫ್ರೆಶ್ ಪ್ರಿನ್ಸ್. ಡಿಜೆ ಮೊದಲು, ಮಾತುಗಾರ ಆಮೇಲೆ. 1989ರಲ್ಲಿ ಗ್ರ್ಯಾಮಿ ಮೊದಲ ಬಾರಿಗೆ ರ‍್ಯಾಪ್‌ಗೆ ಪ್ರಶಸ್ತಿ ಕೊಟ್ಟಾಗ ಅದನ್ನು ಗೆದ್ದದ್ದು ಈ ಕೊನೆಯ ಜೋಡಿ. ಫ್ರೆಶ್ ಪ್ರಿನ್ಸ್ ಯಾರೆಂದು ನಿಮಗೆಲ್ಲ ಗೊತ್ತು, ವಿಲ್ ಸ್ಮಿತ್. ಜ್ಯಾಜಿ ಜೆಫ್‌ನ ಮುಖವನ್ನು ಗುರುತಿಸಬಲ್ಲವರು ಈ ಸಭೆಯಲ್ಲಿ ಎಷ್ಟು ಜನ? ಅವನ ಸ್ಕ್ರ್ಯಾಚ್‌ಗಳನ್ನು ಇಂದಿಗೂ ಜಗತ್ತಿನ ಡಿಜೆಗಳು ಪಾಠದಂತೆ ಅಭ್ಯಾಸ ಮಾಡುತ್ತಾರೆ. 2018ರಲ್ಲಿ ಕೆಂಡ್ರಿಕ್ ಲಾಮಾರ್‌ಗೆ ಸಂಗೀತದ ಪುಲಿಟ್ಜರ್ ಬಂದಾಗ ನಾನು ಮನಸಾರೆ ಸಂತೋಷಪಟ್ಟೆ. ಮಾತಿನ ಕಲೆಗೆ ಆ ಗೌರವ ಸಲ್ಲಬೇಕಾದುದೇ. ಕೈಯ ಕಲೆಗೆ ಅಂಥ ಗೌರವ ಯಾವಾಗ ಎಂಬ ಪ್ರಶ್ನೆ ಜೊತೆಯಲ್ಲೇ ಎದ್ದಿತು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ, ರೆಕಾರ್ಡಿನ ತುಣುಕನ್ನು ಹಿಡಿದಿಟ್ಟು ಮತ್ತೆ ಮತ್ತೆ ಕೇಳಿಸುವ ಸ್ಯಾಂಪ್ಲರ್ ಯಂತ್ರಗಳು ಬಂದವು. ಎರಡು ಪ್ರತಿ, ಎರಡು ಕೈ ಮಾಡುತ್ತಿದ್ದ ಕೆಲಸವನ್ನು ಅವು ಒಂದು ಗುಂಡಿಯಲ್ಲಿ ಮಾಡಿದವು. ಪ್ರವಾಸದ ಕಾರ್ಯಕ್ರಮಗಳಲ್ಲಿ ಡಿಜಿಟಲ್ ಟೇಪ್ ಡಿಜೆಯ ಜಾಗ ಹಿಡಿಯಿತು. ಡಿಜೆಗಳು ತಮ್ಮದೇ ಸ್ಪರ್ಧೆಗಳತ್ತ ಸರಿದರು. ಆ ಕಲೆಯನ್ನು ಎತ್ತಿ ಹಿಡಿದವರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಭಾಗದ ಫಿಲಿಪಿನೊ ಮೂಲದ ಹುಡುಗರದು ದೊಡ್ಡ ಪಾಲು. ಕ್ಯೂಬರ್ಟ್ ಅವರಲ್ಲಿ ಪ್ರಮುಖ. 1995ರಲ್ಲಿ ಡಿಜೆ ಬಾಬು ‘ಟರ್ನ್‌ಟೇಬಲಿಸ್ಟ್’ ಎಂಬ ಪದವನ್ನು ಚಾಲ್ತಿಗೆ ತಂದ. ಪಿಯಾನೊ ನುಡಿಸುವವರು ಪಿಯಾನಿಸ್ಟ್ ಆದರೆ ನಾವು ಇದು ಎಂಬ ಹಕ್ಕಿನ ಮಾತು ಅದು. ಹೊಸ ಹೆಸರು ಏಕೆ ಬೇಕಾಯಿತು? ಹಳೆಯ ಹೆಸರಿನಿಂದ ಅವರ ಕಲೆ ಆಗಲೇ ಜಾರಿಹೋಗಿತ್ತು.

ಈಗ ಕಾಲಿನ ಕಥೆ. ಹರ್ಕ್‌ನ ಪಾರ್ಟಿಗಳಲ್ಲಿ ಕುಣಿದವರು ಹೆಚ್ಚಾಗಿ ಕಪ್ಪು ಹುಡುಗರು. ಎಪ್ಪತ್ತರ ದಶಕದ ನಡುವಿನ ಹೊತ್ತಿಗೆ ಅವರಲ್ಲಿ ಹಲವರು ಬೇರೆಯತ್ತ ಹೊರಳಿದರು. ಪೋರ್ಟೊ ರಿಕೊ ಮೂಲದ ಹುಡುಗರು ಇದನ್ನು ಕೈಗೆತ್ತಿಕೊಂಡು ನೆಲಕ್ಕೆ ಇಳಿಸಿದರು. ನಿಂತು ಹಾಕುವ ಹೆಜ್ಜೆಗೆ ಟಾಪ್‌ರಾಕ್, ಅಂಗೈ ಊರಿ ಸುತ್ತ ಕಾಲಾಡಿಸುವುದಕ್ಕೆ ಫುಟ್‌ವರ್ಕ್, ಬೆನ್ನು, ಭುಜ, ತಲೆಯ ಮೇಲೆ ತಿರುಗುವುದಕ್ಕೆ ಪವರ್ ಮೂವ್, ತಾಳದ ಪೆಟ್ಟಿಗೆ ಸರಿಯಾಗಿ ಕಲ್ಲಾಗಿ ನಿಲ್ಲುವುದಕ್ಕೆ ಫ್ರೀಜ್. ಸುತ್ತ ನಿಂತವರ ವರ್ತುಲವೇ ಸೈಫರ್. ಈ ಎಲ್ಲದಕ್ಕೂ ಅವರು ಇಟ್ಟುಕೊಂಡ ಹೆಸರು ಬ್ರೇಕಿಂಗ್. ‘ಬ್ರೇಕ್ ಡ್ಯಾನ್ಸ್’ ಎಂಬುದು ಪತ್ರಿಕೆ, ಟಿವಿ, ಸಿನಿಮಾಗಳು ಕೊಟ್ಟ ಹೆಸರು. ಕುಣಿಯುವವರಿಗೆ ಅದು ಇಂದಿಗೂ ಹಿಡಿಸುವುದಿಲ್ಲ.

1977ರಲ್ಲಿ ಕಟ್ಟಿದ ರಾಕ್ ಸ್ಟೆಡಿ ಕ್ರೂ ತಂಡ 1981ರಲ್ಲಿ ನ್ಯೂಯಾರ್ಕಿನ ಕಲಾಕೇಂದ್ರವಾದ ಲಿಂಕನ್ ಸೆಂಟರಿನ ಬಯಲಿನಲ್ಲಿ ಡೈನಾಮಿಕ್ ರಾಕರ್ಸ್ ತಂಡದ ಎದುರು ಕುಣಿಯಿತು. 1983ರಲ್ಲಿ ‘ಫ್ಲ್ಯಾಶ್‌ಡ್ಯಾನ್ಸ್’ ಚಿತ್ರ ಬಂದಿತು. ಅದರ ಕೊನೆಯ ದೃಶ್ಯದಲ್ಲಿ ನಾಯಕಿ ಬೆನ್ನಿನ ಮೇಲೆ ಗಿರಕಿ ಹೊಡೆಯುತ್ತಾಳೆ. ಗಿರಕಿ ಹೊಡೆದವನು ರಾಕ್ ಸ್ಟೆಡಿಯ ಕ್ರೇಜಿ ಲೆಗ್ಸ್, ವಿಗ್ ಧರಿಸಿ. ಜಗತ್ತು ಬ್ರೇಕಿಂಗ್ ನೋಡಿದ ಅತಿ ಪ್ರಸಿದ್ಧ ಕ್ಷಣಗಳಲ್ಲೊಂದರಲ್ಲಿ ಬ್ರೇಕರ್‌ನ ಮುಖವಿಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಸಮಾರೋಪದಲ್ಲಿ ಬ್ರೇಕರ್‌ಗಳ ದಂಡೇ ಕುಣಿಯಿತು. ಆಮೇಲೆ ಒಂದೆರಡು ವರ್ಷಗಳಲ್ಲೇ ಅಮೆರಿಕದ ಟಿವಿಗೆ ಬೇಸರ ಬಂದು, ಬ್ರೇಕಿಂಗ್ ಹಳೆಯ ಫ್ಯಾಷನ್ ಎನಿಸಿಕೊಂಡಿತು.

ನಮಗೆ ತಲುಪಿದ್ದೂ ಅದೇ ಹೊತ್ತಿನಲ್ಲಿ, ಅದೂ ಬೆರಕೆಯಾಗಿ. ಕ್ಯಾಲಿಫೋರ್ನಿಯಾದಲ್ಲಿ ಲಾಕಿಂಗ್, ಪಾಪಿಂಗ್ ಎಂಬ ಬೇರೆಯೇ ನೃತ್ಯಗಳಿದ್ದವು. ಕೀಲುಗಳನ್ನು ಝಾಡಿಸುವುದು, ಯಂತ್ರಮಾನವನಂತೆ ಚಲಿಸುವುದು, ಮೈಕೆಲ್ ಜಾಕ್ಸನ್ ಲೋಕಕ್ಕೆ ತೋರಿಸಿದ ಹಿಂಜಾರುವ ನಡಿಗೆ, ಇವೆಲ್ಲ ಆ ಕಡೆಯವು. ಮಾಧ್ಯಮಗಳು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಬ್ರೇಕ್ ಡ್ಯಾನ್ಸ್ ಎಂದವು. ಕನ್ನಡ ಸಿನಿಮಾ ಮತ್ತು ಆರ್ಕೆಸ್ಟ್ರಾ ವೇದಿಕೆಗಳಲ್ಲಿ ನಾನು ಚಿಕ್ಕಂದಿನಲ್ಲಿ ಬಾಯಿಬಿಟ್ಟುಕೊಂಡು ನೋಡಿದ್ದು ಬಹುಪಾಲು ಕ್ಯಾಲಿಫೋರ್ನಿಯಾದ ನೃತ್ಯ. ಅದನ್ನು ನಾನು ಕಡಿಮೆ ಎನ್ನುತ್ತಿಲ್ಲ. ಆದರೆ ಹೆಸರೊಂದು ತನ್ನ ನೃತ್ಯವಿಲ್ಲದೆ ಸಾಗರ ದಾಟಿ ಬಂದಿತು ಎಂಬುದು ದೊಡ್ಡವನಾದ ಮೇಲೆ ತಿಳಿಯಿತು.

ಟಿವಿ ಕೈಬಿಟ್ಟ ನೃತ್ಯ ಸಾಯಲಿಲ್ಲ. 1990ರಲ್ಲಿ ಜರ್ಮನಿಯಲ್ಲಿ ‘ಬ್ಯಾಟಲ್ ಆಫ್ ದಿ ಇಯರ್’ ಎಂಬ ಬ್ರೇಕಿಂಗ್ ಸ್ಪರ್ಧೆ ಆರಂಭವಾಯಿತು. ಫ್ರಾನ್ಸ್, ಜಪಾನ್, ದಕ್ಷಿಣ ಕೊರಿಯಾದ ಯುವಕರು ಅದನ್ನು ಬ್ರಾಂಕ್ಸ್ ಊಹಿಸದ ಎತ್ತರಕ್ಕೆ ಒಯ್ದರು. 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪದಕದ ಸ್ಪರ್ಧೆಯೂ ಆಯಿತು. ಮಹಿಳೆಯರಲ್ಲಿ ಜಪಾನಿನ ಅಮಿ, ಪುರುಷರಲ್ಲಿ ಕೆನಡಾದ ಫಿಲ್ ವಿಝರ್ಡ್ ಚಿನ್ನ ಗೆದ್ದರು. ಅಲ್ಲಿ ಒಂದು ನಿಯಮ ನನಗೆ ಬಹಳ ಇಷ್ಟವಾಯಿತು: ಯಾವ ರೆಕಾರ್ಡ್ ಬರುತ್ತದೆ ಎಂದು ಸ್ಪರ್ಧಿಗೆ ಮೊದಲೇ ತಿಳಿದಿರುವುದಿಲ್ಲ. ಡಿಜೆ ಹಾಕುತ್ತಾರೆ, ಸ್ಪರ್ಧಿ ಆ ಕ್ಷಣದಲ್ಲಿ ಕೇಳಿ ಕುಣಿಯಬೇಕು. ಸಂಗೀತಕ್ಕೆ ಎಷ್ಟು ಹತ್ತಿರವಾಗಿ ಸ್ಪಂದಿಸಿದರು ಎಂಬುದೂ ಅಂಕದ ಒಂದು ಭಾಗ. ಸೆಜ್‌ವಿಕ್ ಅವೆನ್ಯೂವಿನ ಕೋಣೆಯ ಆ ನಂಟು ಎರಡು ದಿನ ಕೋಟ್ಯಂತರ ಜನರ ಕಣ್ಣೆದುರು ಜೀವಂತವಾಗಿತ್ತು.

ಜನರ ನೆನಪಿನಲ್ಲಿ ಉಳಿದದ್ದು ಬೇರೆ. ಆಸ್ಟ್ರೇಲಿಯಾದ ಒಬ್ಬ ಸ್ಪರ್ಧಿಗೆ ಮೂರು ಮುಖಾಮುಖಿಗಳಲ್ಲೂ ತೀರ್ಪುಗಾರರ ಒಂದು ಮತವೂ ಸಿಗಲಿಲ್ಲ. ಆಕೆಯನ್ನು ಅಣಕಿಸುವ ತುಣುಕುಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಆಕೆಯಿಂದಾಗಿಯೇ ಮುಂದಿನ ಒಲಿಂಪಿಕ್ಸ್‌ನಿಂದ ಬ್ರೇಕಿಂಗ್ ಹೊರಬಿತ್ತು ಎಂದು ನಮ್ಮಲ್ಲೂ ಅನೇಕರು ನಂಬಿದ್ದಾರೆ. ಅದು ಸುಳ್ಳು. 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಹೆಚ್ಚುವರಿ ಕ್ರೀಡೆಗಳನ್ನು ಒಪ್ಪಿದ್ದು 2023ರ ಅಕ್ಟೋಬರ್‌ನಲ್ಲಿ, ನಮ್ಮ ಮುಂಬೈನಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲಿ. ಕ್ರಿಕೆಟ್ ಸೇರಿತೆಂದು ನಾವು ಸಂಭ್ರಮಿಸಿದ ಅದೇ ಪಟ್ಟಿಯಲ್ಲಿ ಬ್ರೇಕಿಂಗ್ ಇರಲಿಲ್ಲ. ಪ್ಯಾರಿಸ್‌ನಲ್ಲಿ ಹೆಜ್ಜೆ ಇಡುವ ಹತ್ತು ತಿಂಗಳು ಮೊದಲೇ ಬಾಗಿಲು ಮುಚ್ಚಿತ್ತು. 1984ರ ಸಮಾರೋಪಕ್ಕೆ ಬೇಕಾದ ನೃತ್ಯ ಅದೇ ಊರಿಗೆ 2028ರಲ್ಲಿ ಬೇಡವಾಯಿತು.

ಮರೆವಿನ ಬಗ್ಗೆ ಮಾತಾಡುವವನು ಇನ್ನೊಂದು ಮರೆವನ್ನು ಮುಚ್ಚಿಡಬಾರದು. ಹರ್ಕ್ ತನ್ನ ರೆಕಾರ್ಡುಗಳ ಲೇಬಲ್‌ಗಳನ್ನು ನೀರಿನಲ್ಲಿ ನೆನೆಸಿ ಕಿತ್ತುಹಾಕುತ್ತಿದ್ದ. ಯಾವ ಹಾಡಿನ ಬ್ರೇಕ್ ಇದು ಎಂದು ಎದುರಾಳಿ ಡಿಜೆಗಳಿಗೆ ತಿಳಿಯಬಾರದೆಂಬ ಉಪಾಯ. ವೃತ್ತಿಯ ಗುಟ್ಟು ಅದು, ಅರ್ಥವಾಗುತ್ತದೆ. ಆದರೆ ಕಿತ್ತುಹೋದ ಕಾಗದದ ಜೊತೆ ಬೇರೊಬ್ಬರ ಹೆಸರೂ ಹೋಯಿತು. ಈ ಮೇಜಿನ ಮೇಲಿರುವುದು 1970ರ ಜೇಮ್ಸ್ ಬ್ರೌನ್ ಹಾಡು, ‘ಫಂಕಿ ಡ್ರಮ್ಮರ್’. ಇದರಲ್ಲಿ ತಾಳದ ಎಂಟು ಆವರ್ತನಗಳ, ಸುಮಾರು ಇಪ್ಪತ್ತು ಸೆಕೆಂಡಿನ ಡ್ರಮ್ ಬ್ರೇಕ್ ಇದೆ. ಮುಂದಿನ ದಶಕಗಳಲ್ಲಿ ಲೆಕ್ಕವಿಲ್ಲದಷ್ಟು ರ‍್ಯಾಪ್ ಹಾಡುಗಳು ಇದರ ಮೇಲೆ ನಿಂತವು. ನುಡಿಸಿದವರು ಕ್ಲೈಡ್ ಸ್ಟಬಲ್‌ಫೀಲ್ಡ್. ಹಾಡಿನ ರಚನೆಯಲ್ಲಿ ಅವರಿಗೆ ಪಾಲು ಇರಲಿಲ್ಲ, ಆದ್ದರಿಂದ ಆ ಹಾಡುಗಳ ಗಳಿಕೆಯಲ್ಲಿ ಹಕ್ಕೂ ಇರಲಿಲ್ಲ. ಪದಕ್ಕೆ, ರಾಗಕ್ಕೆ ಮಾಲೀಕರನ್ನು ಕಾಣುವ ಕಾನೂನಿನ ಕಣ್ಣಿಗೆ ಡ್ರಮ್ಮಿನ ಮೇಲೆ ಆಡಿದ ಕೈ ಕಾಣಲಿಲ್ಲ. ಅವರು 2017ರಲ್ಲಿ ತೀರಿಕೊಂಡರು.

ಪ್ರಶ್ನೋತ್ತರದಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಸರ್, ಕನ್ನಡ ರ‍್ಯಾಪ್ ಕೇಳುತ್ತ ಬೆಳೆದವಳು ನಾನು. ಡಿಜೆ, ಬ್ರೇಕಿಂಗ್ ಗೊತ್ತಿಲ್ಲದೆ ಕೇಳಿದರೆ ಏನು ಕಳೆದುಕೊಳ್ಳುತ್ತೇನೆ?” ನನಗೆ ಬಹಳ ಹಿಡಿಸಿದ ಪ್ರಶ್ನೆ. ಮಾತನ್ನು ಕೇಳು, ನಿನ್ನ ಭಾಷೆಯಲ್ಲಿ ಅದು ಹುಟ್ಟುತ್ತಿರುವುದು ದೊಡ್ಡ ಸಂಗತಿ ಎಂದೆ. ಜೊತೆಗೆ, ಹಾಡುಗಾರ ಉಸಿರು ತೆಗೆದುಕೊಳ್ಳುವಾಗ ಕೆಳಗೆ ಏನು ನಡೆಯುತ್ತಿದೆ ಎಂದು ಒಮ್ಮೆ ಕಿವಿಗೊಡು. ನಿನ್ನ ಕಾಲು ಯಾವ ಪೆಟ್ಟಿಗೆ ತಾನಾಗಿ ಅಲುಗುತ್ತದೆ ಎಂದು ನೋಡು. ಐವತ್ತು ವರ್ಷಗಳ ಹಿಂದೆ ಹರ್ಕ್ ನೋಡಿದ್ದು ಅದನ್ನೇ.

ಆಮೇಲೆ ಎರಡು ಪ್ರತಿಗಳನ್ನೂ ಯಂತ್ರಗಳ ಮೇಲೆ ಇಟ್ಟೆ. ಬ್ರೇಕ್ ಶುರುವಾಗುವ ಜಾಗದಲ್ಲಿ ಬಿಳಿಯ ಗೆರೆ ಎಳೆದಿದ್ದೆ. ಮೊದಲ ಸುತ್ತಿನಲ್ಲಿ ತಾಳ ಕೂದಲೆಳೆಯಷ್ಟು ಸರಿಯಿತು, ಎರಡನೆಯದರಲ್ಲಿ ಕೂಡಿತು, ಮೂರನೆಯದರಲ್ಲೂ. ತಲೆಯೆತ್ತಿ ನೋಡಲು ಪುರುಸೊತ್ತಿರಲಿಲ್ಲ. ಸಭಾಂಗಣದ ಹಿಂಬದಿಯಲ್ಲಿ ಯಾರೋ ಕುರ್ಚಿಗಳನ್ನು ಪಕ್ಕಕ್ಕೆ ಎಳೆಯುವ ಸದ್ದು ಕೇಳಿಸಿತು.